ಅಳತೆ ಪುಸ್ತಕದಲ್ಲಿ ಕಂಡ ವಯಸ್ಸು

ಧಾರವಾಡದಲ್ಲಿ ಮನೆಯ ಪಡಸಾಲೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುವವಳು ನಾನು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಶುರು ಮಾಡಿದೆ. ಈಗ ನನಗೆ 58. ಇಷ್ಟು ವರ್ಷವೂ ಇದೇ ಕೆಲಸ, ಹೆಚ್ಚುಕಡಿಮೆ ಅವೇ ಗಿರಾಕಿಗಳು. ಹಾಗಾಗಿ ಹೆಂಗಸರ ಮೈಗೆ ವಯಸ್ಸಾಗುವುದನ್ನು ನಾನು ಟೇಪು ಹಿಡಿದೇ ನೋಡಿದ್ದೇನೆ. ಬೇರೆಯವರದನ್ನು ನೋಡುವುದು ಬೇರೆ, ನಮ್ಮದು ನಮಗೆ ಗೊತ್ತಾಗುವುದು ಬೇರೆ. ಆ ಎರಡನೆಯದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು. ಈ ಬೇಸಿಗೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಸುಮ್ನೆ ಕೂತಿದ್ದಾಗ ಎಲ್ಲ ಒಂದೊಂದಾಗಿ ನೆನಪಾಯಿತು.

ಮೊದಲು ತಕರಾರು ಶುರುವಾದದ್ದು ಸೂಜಿಯಲ್ಲಿ. ಆಗ ನನಗೆ 42 ಇರಬೇಕು. ಬ್ಲೌಸಿನ ಹೊಲಿಗೆ ಮಷಿನ್ನಿನದಾದರೂ ಹುಕ್ಕು, ಕಾಜಾ, ಹೆಮ್ಮಿಂಗ್ ಎಲ್ಲ ಕೈಕೆಲಸ. ಅದಕ್ಕೆ 9ನೇ ನಂಬರಿನ ಸಣ್ಣ ಸೂಜಿ ಬೇಕು. ಸಂಜೆ ದೀಪ ಹಾಕಿಕೊಂಡು ಕೂತರೆ ನೂಲು ಸೂಜಿಯ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ. ತುದಿ ಒದ್ದೆ ಮಾಡಿ, ಹೊಸೆದು, ಮತ್ತೆ ಹಾಕಿದರೆ ಪಕ್ಕಕ್ಕೆ ಜಾರುತ್ತಿತ್ತು. ಅದೇ ಸೂಜಿ, ಅದೇ ನೂಲು, ಬೆಳಿಗ್ಗೆ ಬಾಗಿಲ ಬೆಳಕಿಗೆ ಹೋದರೆ ಒಂದೇ ಸಲಕ್ಕೆ ಪೋಣಿಸಿಕೊಳ್ಳುತ್ತಿತ್ತು. ಅದಕ್ಕೇ ಇದು ದೀಪದ ತೊಂದರೆ ಅಂತ ಮನೆಯವರೆಲ್ಲ ನಂಬಿದ್ದರು. ಹೊಸ ಟ್ಯೂಬ್‌ಲೈಟೂ ಬಂತು.

ಕಣ್ಣಿನ ಡಾಕ್ಟರು ನೋಡಿ ಚಾಳೀಸು ಅಂದರು. ಕಣ್ಣಿನೊಳಗಿನ ಲೆನ್ಸು ಚಿಕ್ಕಂದಿನಲ್ಲಿ ಮೆತ್ತಗಿರುತ್ತದಂತೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು. ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಬಂದು, ನಲವತ್ತರ ಆಸುಪಾಸಿನಲ್ಲಿ ಉಬ್ಬುವುದು ಸಾಕಾಗುವುದಿಲ್ಲ. ಬೆಳಕು ಜಾಸ್ತಿ ಇದ್ದರೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಆಗ ಹತ್ತಿರದ್ದೂ ಸ್ವಲ್ಪ ಚೊಕ್ಕಾಗಿ ಕಾಣುತ್ತದೆ. ಬಾಗಿಲ ಬೆಳಕಿನ ಗುಟ್ಟು ಅದು. ಪ್ಲಸ್ ಒಂದರ ಕನ್ನಡಕ ಬರೆದುಕೊಟ್ಟು, ಇದು ಕೆಲವು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರುತ್ತದೆ, ಅರವತ್ತರ ಹೊತ್ತಿಗೆ ಎರಡೂವರೆಯ ಹತ್ತಿರ ಹೋಗಿ ನಿಲ್ಲುತ್ತದೆ ಅಂದರು. ಹಾಗೇ ಆಯಿತು.

ಕನ್ನಡಕ ಹಾಕಿಕೊಂಡ ಮೊದಲ ದಿನ ಬಟ್ಟೆಯ ಎಳೆ ಎಳೆಯೂ ಕಂಡಿತು. ಗುಳೇದಗುಡ್ಡದ ಖಣ ಹೊಲಿಯುವವರಿಗೆ ಗೊತ್ತು, ಅದರ ಬುಟ್ಟಿ, ಗೆರೆ ಮುಂದೆ ಹಿಂದೆ ಸರಿಯಾಗಿ ಕೂಡಬೇಕು. ಒಂದು ಎಳೆ ತಪ್ಪಿದರೂ ಎದ್ದು ಕಾಣುತ್ತದೆ. ಆ ಗೆರೆಗಳೆಲ್ಲ ಮತ್ತೆ ನನ್ನ ಕೈಗೆ ಬಂದವು ಅನ್ನುವ ಖುಷಿಯಲ್ಲಿದ್ದೆ. ಆಗಲೇ ಖಣದ ಮೇಲಿದ್ದ ನನ್ನ ಕೈ ಕಣ್ಣಿಗೆ ಬಿತ್ತು. ಮೇಲಿನ ಚರ್ಮ ತೆಳ್ಳಗಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಸಣ್ಣ ಸಣ್ಣ ಅಡ್ಡಗೆರೆಗಳು. ಕತ್ತರಿ ಹಿಡಿದು ಹಿಡಿದು ನಡುಬೆರಳಿನ ಗಿಣ್ಣು ದಪ್ಪಗಾಗಿತ್ತು. ಮಣಿಕಟ್ಟಿನ ಮೇಲೆ ಎರಡು ಕಂದು ಚುಕ್ಕೆ. ಇವೆಲ್ಲ ಒಂದೇ ರಾತ್ರಿಯಲ್ಲಿ ಬಂದವಲ್ಲ. ನನ್ನ ಕೈಯನ್ನೇ ನಾನು ಎಷ್ಟೋ ದಿನದಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಹತ್ತಿರದ್ದು ಮಸುಕಾಗುವ ಹೊತ್ತಿಗೇ ಮುಖ, ಕೈ ಬದಲಾಗುವುದೂ ಶುರುವಾಗುತ್ತದೆ. ಹಾಗಾಗಿ ಕನ್ನಡಿಯಲ್ಲಿ ನಾವು ಕಾಣುವುದು ನಿಜಕ್ಕಿಂತ ಸ್ವಲ್ಪ ನುಣುಪಾಗಿಯೇ. ಕನ್ನಡಕ ಹಾಕಿದ ಕೂಡಲೇ ಐದಾರು ವರ್ಷದ ಬಾಕಿ ಒಟ್ಟಿಗೇ ಬಂದು ನಿಂತ ಹಾಗಾಯಿತು ನನಗೆ. ನಮ್ಮ ಓಣಿಯಲ್ಲಿ ಬೇರೆಯವರೂ ಇದೇ ಮಾತು ಹೇಳಿದ್ದಾರೆ.

ಇನ್ನು ಅಳತೆ ಪುಸ್ತಕದ ವಿಷಯ. ಉದ್ದನೆಯ ಲೆಡ್ಜರ್ ಪುಸ್ತಕಗಳು, ಒಬ್ಬೊಬ್ಬರಿಗೆ ಒಂದೊಂದು ಪುಟ. ಎದೆ, ಸೊಂಟ, ಭುಜ, ತೋಳಿನ ಸುತ್ತು, ಬಗಲು, ಮುಂದಿನ ಉದ್ದ, ಬೆನ್ನಿನ ಉದ್ದ, ಪಾಯಿಂಟು. ಹೊಸ ಅಳತೆ ತೆಗೆದಾಗ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಬರೆದು ಇಸವಿ ಹಾಕುತ್ತೇನೆ. ಹೊಲಿಗೆ ಕಲಿಸಿದವರು ಹಾಗೇ ಹೇಳಿಕೊಟ್ಟಿದ್ದರು. ಈಗ ಆ ಪುಟಗಳನ್ನು ಎಡದಿಂದ ಬಲಕ್ಕೆ ಓದಿದರೆ ಒಬ್ಬ ಹೆಂಗಸಿನ ಇಡೀ ನಡುವಯಸ್ಸು ಅಲ್ಲೇ ಇದೆ. ಮೊದಲು ಸೊಂಟ ಏರುತ್ತದೆ. ಹೆರಿಗೆಯ ನಂತರ ಏರಿದ್ದು ಕೆಲವರಲ್ಲಿ ಇಳಿಯುತ್ತದೆ. ನಲವತ್ತೈದರ ನಂತರ ಏರಿದ್ದು ಇಳಿದದ್ದನ್ನು ನಾನು ಕಂಡದ್ದು ಕಡಿಮೆ. ಆಮೇಲೆ ತೋಳಿನ ಸುತ್ತು. ಭುಜದಿಂದ ಎದೆಯ ತುದಿಗೆ ಒಂಬತ್ತೂವರೆ ಇಂಚು ಇದ್ದ ಪಾಯಿಂಟು ಹತ್ತಾಗುತ್ತದೆ, ಹತ್ತೂವರೆಯಾಗುತ್ತದೆ, ಹನ್ನೊಂದಾಗುತ್ತದೆ. ಎಲ್ಲಕ್ಕಿಂತ ಕೊನೆಗೆ, ಸದ್ದಿಲ್ಲದೆ, ಬೆನ್ನಿನ ಉದ್ದ ಕಾಲಿಂಚು ಅರ್ಧ ಇಂಚು ಜಾಸ್ತಿಯಾಗಿ ಮುಂದಿನ ಉದ್ದ ಕಡಿಮೆಯಾಗುತ್ತದೆ. ಬೆನ್ನು ಬಾಗುತ್ತಿದೆ ಅಂತ ಅದರ ಅರ್ಥ. ಆಗ ಹಳೆಯ ಅಳತೆಗೆ ಹೊಲಿದರೆ ಬ್ಲೌಸು ಹಿಂದೆ ಮೇಲಕ್ಕೆ ಏರುತ್ತದೆ, ಮುಂದೆ ಕುತ್ತಿಗೆಯ ಹತ್ತಿರ ಸಡಿಲಾಗಿ ನಿಲ್ಲುತ್ತದೆ.

ಗಿರಾಕಿಗಳು ಬಂದಾಗ ಟೇಪು ತೆಗೆದರೆ, "ಅಳತೆ ಯಾಕೆ, ಹಳೇ ಬ್ಲೌಸು ತಂದಿದ್ದೀನಲ್ಲ, ಅದೇ ಥರ ಇರಲಿ" ಅನ್ನುತ್ತಾರೆ. ಆ ಹಳೇ ಬ್ಲೌಸಿನ ಎರಡೂ ಪಕ್ಕ ಬಿಚ್ಚಿ ಅಗಲ ಮಾಡಿರುತ್ತದೆ, ಹುಕ್ಕಿನ ಪಟ್ಟಿ ಎಳೆದುಕೊಂಡಿರುತ್ತದೆ. ಹೊಸ ಅಳತೆಯ ಬಗ್ಗೆ ಅವರಿಗಿರುವ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ನಾನು ಬಿಡುವುದಿಲ್ಲ. ಇವತ್ತಿನ ಮೈಗೆ ಇವತ್ತಿನ ಬಟ್ಟೆ ಕತ್ತರಿಸಬೇಕು. ಹಾಗೆ ಹೊಲಿದದ್ದನ್ನು ಹಾಕಿಕೊಂಡಾಗ ಅವರಿಗೆ ಉಸಿರಾಡಲು ಸಲೀಸಾಗಿ, ಭುಜ ಕೆಳಗಿಳಿಯುವುದನ್ನು ಎಷ್ಟು ಸಲ ನೋಡಿದ್ದೇನೆ! ಬಿಗಿ ಬ್ಲೌಸಿನಲ್ಲಿ ಅಷ್ಟು ದಿನ ಮೈ ಹಿಡಿದುಕೊಂಡೇ ಓಡಾಡಿರುತ್ತಾರೆ ಪಾಪ.

ಇದನ್ನೆಲ್ಲ ಬಲ್ಲ ನನಗೇ ನನ್ನ ಮೈಯ ಸುದ್ದಿ ತಡವಾಗಿ ಗೊತ್ತಾಯಿತು. ಅದಕ್ಕೆ ಕಾರಣ ಇದೆ. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳಲು ಯಾವ ಟೈಲರಿಗೂ ಆಗುವುದಿಲ್ಲ. ಕೈ ಎತ್ತಿದರೆ ಭುಜ ಏರುತ್ತದೆ, ಬಗ್ಗಿ ನೋಡಿದರೆ ಉದ್ದ ತಪ್ಪುತ್ತದೆ, ಬೆನ್ನಂತೂ ಕೈಗೇ ಸಿಗುವುದಿಲ್ಲ. ನನ್ನ ಬ್ಲೌಸನ್ನು ನಾನು ಯಾವಾಗಲೂ ಒಂದೇ ರಟ್ಟಿನ ಪ್ಯಾಟರ್ನ್ ಇಟ್ಟು ಕತ್ತರಿಸಿಕೊಳ್ಳುತ್ತಿದ್ದೆ. 54ರ ಹೊತ್ತಿಗೆ ಹಿಂದಿನ ಕುತ್ತಿಗೆ ಮೇಲೇರಲು ಶುರುವಾಯಿತು. ಮಗಳು ರಜೆಗೆ ಬಂದಿದ್ದಳು. ಅವಳ ಕೈಗೆ ಟೇಪು ಕೊಟ್ಟು ನಿಂತೆ. "ಅಮ್ಮಾ, ನೆಟ್ಟಗೆ ನಿಲ್ಲು" ಅಂದಳು. ನಾನು ನೆಟ್ಟಗೇ ನಿಂತಿದ್ದೆ. ಅವಳೂ ಸುಮ್ಮನಾದಳು, ನಾನೂ ಸುಮ್ಮನಾದೆ. ಬೆನ್ನಿನ ಉದ್ದ ಹಳೆಯ ರಟ್ಟಿಗಿಂತ ಅರ್ಧ ಇಂಚು ಜಾಸ್ತಿ ಬಂತು. ಮೂವತ್ತು ವರ್ಷ ಮಷಿನ್ನಿನ ಮೇಲೆ ಬಗ್ಗಿದ್ದರ ಲೆಕ್ಕ ಅದು, ಅದರ ಜೊತೆ ಇನ್ನೊಂದೂ ಇತ್ತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮುಟ್ಟು ನಿಲ್ಲುವ ಕಾಲ ನನಗೆ 46ರಿಂದ ಶುರುವಾಯಿತು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ನಿಲ್ಲುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಮೊದಲು ತಿಂಗಳು ತಪ್ಪಿತು, ಆಮೇಲೆ ಎರಡು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಹದಿನೈದು ದಿನಕ್ಕೇ. ಜೊತೆಗೆ ಆ ಕಾವು. ಎದೆಯಲ್ಲಿ ಶುರುವಾಗಿ ಕುತ್ತಿಗೆಗೆ, ಮುಖಕ್ಕೆ ಏರುತ್ತಿತ್ತು. ಕಿವಿಯ ಹಿಂದೆ ಬೆವರು ಒಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿದು ಮೈ ತಣ್ಣಗಾಗುತ್ತಿತ್ತು. ಧಾರವಾಡದ ಮಳೆಗಾಲದ ಚಳಿಯಲ್ಲೂ ಹೀಗೇ. ರೇಷ್ಮೆ ಬಟ್ಟೆಯ ಮೇಲೆ ಒಂದು ಹನಿ ಬೆವರು ಬಿದ್ದರೂ ಕಲೆ ಉಳಿಯುತ್ತದೆ. ಮದುವೆ ಸೀಸನ್ನಿನಲ್ಲಿ ಕಾವು ಬರುವ ಮುನ್ಸೂಚನೆ ಸಿಕ್ಕ ಕೂಡಲೇ ಬಟ್ಟೆ ಕೆಳಗಿಟ್ಟು ಎದ್ದು ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಹಣೆಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಆ ನಿದ್ದೆಗೇಡು. ಬೆಳಿಗ್ಗೆ ಅಳತೆ ಬರೆದುಕೊಳ್ಳುವಾಗ ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಲೇ ಮರೆತುಹೋಗುತ್ತಿತ್ತು.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವರು ಗಿರಾಕಿಗಳೇ. ಟ್ರಯಲ್ ನೋಡಲು ಪರದೆಯ ಹಿಂದೆ ಹೋದ ಹೆಂಗಸರು ಅಲ್ಲಿ ಏನೇನು ಮಾತಾಡುತ್ತಾರೆ ಅನ್ನುವುದು ಟೈಲರಿಗೆ ಮಾತ್ರ ಗೊತ್ತು. ಗಂಡನಿಗೆ ಹೇಳದ್ದು, ಅಕ್ಕತಂಗಿಯರಿಗೂ ಹೇಳದ್ದು ಅಲ್ಲಿ ಹೊರಗೆ ಬರುತ್ತದೆ. "ಲೈನಿಂಗ್ ಬೇಡವೇ ಬೇಡ, ಕುದ್ದುಹೋಗ್ತೀನಿ" ಅಂತ ಒಬ್ಬರು ಅಂದರೆ, ಅವರಿಗೂ ಶುರುವಾಗಿದೆ ಅಂತ ಅರ್ಥ. ನನಗೂ ಹಾಗೇ ಅಂದ ಕೂಡಲೇ ಇಬ್ಬರಿಗೂ ಅರ್ಧ ಭಾರ ಇಳಿಯುತ್ತಿತ್ತು. ಅಂಥವರಿಗೆ ಬಗಲಿನಲ್ಲಿ ಕಾಲಿಂಚು ಸಡಿಲು ಕೊಟ್ಟು, ತೆಳು ಹತ್ತಿಯ ಲೈನಿಂಗ್ ಹಾಕುವುದನ್ನು ಆಗ ರೂಢಿ ಮಾಡಿಕೊಂಡೆ. ಈಗಲೂ ನಲವತ್ತೈದು ದಾಟಿದವರಿಗೆ ಕೇಳದೆಯೇ ಹಾಗೆ ಹೊಲಿಯುತ್ತೇನೆ.

ಪರದೆಯ ಹಿಂದೆ ಕೇಳಿದ ಇನ್ನೊಂದು ಸಂಗತಿ ಮಾತ್ರ ನನ್ನ ಹೊಟ್ಟೆ ಉರಿಸುತ್ತದೆ. ಮೂವತ್ತೈದು, ಮೂವತ್ತೆಂಟಕ್ಕೇ ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಕ್ಕಳು. ಹಳ್ಳಿಯ ಕಡೆಯವರೇ ಜಾಸ್ತಿ. ಬಿಳಿ ಹೋಗುತ್ತದೆ, ರಕ್ತ ಜಾಸ್ತಿ ಹೋಗುತ್ತದೆ ಅಂತ ಹೋದವರಿಗೆ, "ಮಕ್ಕಳಾದವಲ್ಲ, ಇನ್ನು ಅದು ಯಾಕೆ" ಅಂದು ತೆಗೆದುಬಿಡುತ್ತಾರೆ. ಕೆಲವರಿಗೆ ನಿಜವಾಗಿ ಬೇಕಾಗಿರುತ್ತದೆ, ಅದು ಬೇರೆ ಮಾತು. ಆದರೆ ಎಲ್ಲರಿಗೂ ಬೇಕಿತ್ತಾ? ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮೈಗೆ ಆ ದಿನವೇ ಐವತ್ತಾದ ಹಾಗೆ. ಹಾರ್ಮೋನು ಒಮ್ಮೆಲೇ ನಿಂತು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ. ಅಂಥವರ ಪುಟಗಳಲ್ಲಿ ಬೆನ್ನಿನ ಅಂಕಿ ಬದಲಾದದ್ದು ಉಳಿದವರಿಗಿಂತ ಹತ್ತು ವರ್ಷ ಮುಂಚೆ. ಎರಡನೇ ಡಾಕ್ಟರ ಅಭಿಪ್ರಾಯ ಕೇಳಿ ಅಂತ ನಾನು ಈಗ ಬಾಯಿಬಿಟ್ಟು ಹೇಳುತ್ತೇನೆ.

ಮುಟ್ಟು ನಿಂತ ಮೊದಲ ಕೆಲವು ವರ್ಷ ಎಲ್ಲ ಹೆಂಗಸರಿಗೂ ಮೂಳೆ ಬೇಗ ಸವೆಯುತ್ತದೆ. ಈಸ್ಟ್ರೋಜೆನ್ ಇದ್ದಷ್ಟು ದಿನ ಅದು ಮೂಳೆಯನ್ನು ಕಾಯುತ್ತಿರುತ್ತದೆ. ಬೆನ್ನುಮೂಳೆಯ ಮಣಿಗಳು ಮುಂದಿನ ಕಡೆ ಸ್ವಲ್ಪ ಕುಸಿದರೆ ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ನೋವೇ ಇಲ್ಲದೆ ಕುಸಿಯುವುದೂ ಉಂಟು. ಒಬ್ಬ ನಿವೃತ್ತ ಟೀಚರ ಬೆನ್ನಿನ ಉದ್ದ ಎರಡು ದೀಪಾವಳಿಗಳ ನಡುವೆ ಮುಕ್ಕಾಲು ಇಂಚು ಬದಲಾಗಿತ್ತು. ಸೀರೆಯೂ ನೆಲಕ್ಕೆ ತಾಗುತ್ತಿದೆ ಅಂದರು. "ವಯಸ್ಸಾಯ್ತು ಬಿಡು" ಅಂತ ತಳ್ಳಿಹಾಕಿದರು. ನಾನು ಪುಸ್ತಕ ತೆರೆದು ಎರಡೂ ಅಂಕಿ ತೋರಿಸಿದೆ. ಆಮೇಲೆ ಹೋಗಿ ಮೂಳೆಯ ಸ್ಕ್ಯಾನ್ ಮಾಡಿಸಿದರು. ಮೂಳೆ ಎಷ್ಟು ಗಟ್ಟಿಯಿದೆ ಅಂತ ಹೇಳುವ ಟಿ ಸ್ಕೋರು ಮೈನಸ್ ಎರಡೂವರೆಗಿಂತ ಕೆಳಗಿತ್ತು. ಅಲ್ಲಿಗೆ ಬಂದರೆ ಅದು ಆಸ್ಟಿಯೊಪೊರೋಸಿಸ್, ಮೂಳೆ ಸವೆದು ಟೊಳ್ಳಾಗುವ ರೋಗ. ಒಂದು ಮಣಿ ಆಗಲೇ ಕುಸಿದಿತ್ತು. ಔಷಧಿ ಶುರುವಾಯಿತು. ಈಗ ಅವರ ಅಂಕಿ ಅಲ್ಲೇ ನಿಂತಿದೆ.

"ವಯಸ್ಸಾಯ್ತು ಬಿಡು" ಅನ್ನುವ ಆ ಮಾತು ನನಗೆ ಸೇರುವುದಿಲ್ಲ. ವಯಸ್ಸು ಮೈಗೆಲ್ಲ ಒಟ್ಟಿಗೆ ಬರುವುದಿಲ್ಲ, ನಾನು ನೋಡಿದ್ದೇನಲ್ಲ. ಕಣ್ಣಿಗೆ ಒಂದು ವರ್ಷ ಬರುತ್ತದೆ, ಮೂಳೆಗೆ ಇನ್ನೊಂದು ವರ್ಷ, ಹೆಬ್ಬೆರಳಿಗೆ ಮತ್ತೊಂದು ವರ್ಷ. ಒಂದೊಂದಕ್ಕೂ ಬೇರೆ ಬೇರೆ ಉಪಾಯ ಇದೆ, ಕೆಲವಕ್ಕೆ ಇಲ್ಲ. ಎಲ್ಲವನ್ನೂ ಕಟ್ಟಿ ವಯಸ್ಸು ಅಂತ ಒಂದೇ ಗಂಟಿಗೆ ಹಾಕಿಬಿಟ್ಟರೆ ಯಾವುದಕ್ಕೂ ಏನೂ ಮಾಡಲಾಗುವುದಿಲ್ಲ. ಮುಟ್ಟು ನಿಂತು ಪೂರ್ತಿ ಒಂದು ವರ್ಷವಾದ ಮೇಲೆ ಮತ್ತೆ ಕೆಂಪು ಕಂಡರೆ, ಅದು ಒಂದೇ ಹನಿಯಾಗಲಿ, ಕೂಡಲೇ ಡಾಕ್ಟರಿಗೆ ತೋರಿಸಬೇಕು. ಅದನ್ನೂ ವಯಸ್ಸು ಅಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದವರನ್ನು ಕಂಡಿದ್ದೇನೆ, ಕಳೆದುಕೊಂಡೂ ಇದ್ದೇನೆ.

ಅರ್ಧ ಇಂಚಿನ ಸುದ್ದಿ ಬಂದ ಮೇಲೆ ನಾನೂ ಸ್ಕ್ಯಾನ್ ಮಾಡಿಸಿಕೊಂಡೆ. ಮೂಳೆ ತೆಳುವಾಗಿದೆ, ಆದರೆ ರೋಗದ ಮಟ್ಟಕ್ಕೆ ಹೋಗಿಲ್ಲ ಅಂದರು. ಮಷಿನ್ನಿನ ಮೇಜನ್ನು ಎತ್ತರಿಸಿದೆ. ಪೆಡಲಿಗೆ ಮೋಟರು ಹಾಕಿಸಿದೆ. ಬೆಳಿಗ್ಗೆ ಕರ್ನಾಟಕ ಕಾಲೇಜಿನ ಕಡೆ ನಡೆಯಲು ಹೋಗುತ್ತೇನೆ. ಹೆಬ್ಬೆರಳಿನ ಬುಡದ ನೋವಿಗೆ ಹಗುರದ ಕತ್ತರಿ ತಂದೆ, ದಪ್ಪ ಬಟ್ಟೆಯನ್ನು ಎರಡು ಪದರ ಕೂಡಿಸಿ ಕತ್ತರಿಸುವುದನ್ನು ಬಿಟ್ಟೆ. ದಿನಕ್ಕೆ ಮೊದಲು ಆಗುತ್ತಿದ್ದ ಕೆಲಸದ ಅರ್ಧ ಆಗುತ್ತದೆ ಈಗ. ಇನ್ನೊಂದು ಕಡೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಗಿರಾಕಿಯ ಯಾವ ಭುಜ ಇಳಿದಿದೆ, ಎಷ್ಟು ಇಳಿದಿದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ಮೂವತ್ತರಲ್ಲಿ ಟೇಪು ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಇದೂ ವಯಸ್ಸು ಕೊಟ್ಟದ್ದೇ, ಅಲ್ವಾ?

ಪೊರೆ ಬಂದದ್ದು ಗೊತ್ತಾದದ್ದು ನೂಲಿನ ರೀಲಿನಿಂದ. ಸುಭಾಸ್ ರಸ್ತೆಯಿಂದ ತಂದ ಕಡು ನೀಲಿ ಮತ್ತು ಕಪ್ಪು ರೀಲುಗಳು ಒಂದೇ ಡಬ್ಬಿಯಲ್ಲಿದ್ದವು. ಸಂಜೆ ಎಲ್‌ಇಡಿ ಬಲ್ಬಿನ ಕೆಳಗೆ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡೆ. ಎರಡೂ ಕಪ್ಪೇ. ಕಿಟಕಿಯ ಹತ್ತಿರ ಹೋದೆ. ಆಗಲೂ ಯಾವುದು ಯಾವುದು ಅಂತ ತಿಳಿಯಲಿಲ್ಲ. ಮರುದಿನ ಬಿಸಿಲಿಗೆ ಹಿಡಿದಾಗ ಮಾತ್ರ ಒಂದರ ಅಂಚಿನಲ್ಲಿ ನೀಲಿ ಇಣುಕಿತು. ಅಲ್ಲಿಂದ ರೀಲಿನ ಮೇಲಿನ ನಂಬರು ನೋಡಿ ತೆಗೆಯುವುದು ಶುರುವಾಯಿತು. ನೇರಳೆ ಮತ್ತು ಕಂದು ಬಣ್ಣದಲ್ಲೂ ಅನುಮಾನ ಬರುತ್ತಿತ್ತು. ಬಣ್ಣವೇ ಅನ್ನ ಕೊಡುವ ಕೆಲಸ ನಮ್ಮದು. ಸೀರೆಗೆ ಫಾಲು, ಬ್ಲೌಸಿಗೆ ನೂಲು, ಕಣ್ಣಳತೆಯಲ್ಲೇ ಕೂಡಿಸಬೇಕು. ನನಗೆ ನಿಜವಾಗಿ ಭಯವಾದದ್ದು ಆಗ. ಬೆನ್ನು ಬಾಗಿದ್ದಕ್ಕೆ ಅಷ್ಟು ಭಯ ಆಗಿರಲಿಲ್ಲ. ಇದರ ಜೊತೆ, ರಾತ್ರಿ ಸ್ಕೂಟಿಯಲ್ಲಿ ಬರುವಾಗ ಎದುರಿನ ಗಾಡಿಯ ದೀಪ ಒಡೆದು ಚೆಲ್ಲಿದ ಹಾಗೆ ಕಾಣುತ್ತಿತ್ತು. ಕನ್ನಡಕ ಬದಲಿಸಿದರೂ ಮಸುಕು ಹೋಗಲಿಲ್ಲ.

ಲೆನ್ಸು ಹಳದಿಯಾಗಿ, ಆಮೇಲೆ ಕಂದಾಗಿ ನೀಲಿ ಬೆಳಕನ್ನು ತಡೆಯುತ್ತದೆ, ಅದಕ್ಕೇ ನೀಲಿ ನಿಮಗೆ ಕಪ್ಪಾಗಿದೆ ಅಂತ ಡಾಕ್ಟರು ವಿವರಿಸಿದರು. ಪೊರೆ ಇಲ್ಲದವರಿಗೂ ಇದು ಸ್ವಲ್ಪ ಮಟ್ಟಿಗೆ ಆಗುತ್ತದೆ. ಪಾಪೆಯೂ ಸಣ್ಣದಾಗುವುದರಿಂದ, ಇಪ್ಪತ್ತರ ಕಣ್ಣಿನ ಒಳಗೆ ಹೋಗುವ ಬೆಳಕಿನ ಮೂರನೇ ಒಂದು ಭಾಗ ಮಾತ್ರ ಅರವತ್ತರ ಕಣ್ಣಿನ ಒಳಗೆ ಹೋಗುತ್ತದಂತೆ. ಮಬ್ಬು ಬೆಳಕಲ್ಲಿ ವಯಸ್ಸಾದವರು ತಡವರಿಸುವುದು ಇದಕ್ಕೇ. ಮನೆಯಲ್ಲಿ ಹಿರಿಯರಿದ್ದರೆ ಮೆಟ್ಟಿಲಿನ ಬಲ್ಬು ದೊಡ್ಡದು ಹಾಕಿಸಿ.

ನಮ್ಮ ಅಜ್ಜಿಗೂ ಪೊರೆ ಬಂದಿತ್ತು. ಅವರದ್ದು ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಆದ ಆಪರೇಷನ್ನು. ಬೀಳಗಿಯಲ್ಲಿ ಹುಟ್ಟಿದ ಮೋದಿ ಡಾಕ್ಟರು 2005ರಲ್ಲಿ ತೀರಿಕೊಳ್ಳುವವರೆಗೆ ಲಕ್ಷಾಂತರ ಜನರ ಕಣ್ಣು ತೆರೆಸಿದವರು. ನಮ್ಮ ಕಡೆ ಹಳಬರು ಇವತ್ತಿಗೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ಆಗೆಲ್ಲ ಪೊರೆ ತೆಗೆಯುವುದಷ್ಟೇ. ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಹಾಗಾಗಿ ಅಜ್ಜಿಗೆ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ. ಅದು ಇಲ್ಲದಿದ್ದರೆ ತಟ್ಟೆಯಲ್ಲಿರುವ ರೊಟ್ಟಿಯೂ ಕಾಣುತ್ತಿರಲಿಲ್ಲ. ಕಣ್ಣಿನೊಳಗೇ ಲೆನ್ಸನ್ನು ಮೊದಲು ಕೂರಿಸಿದ್ದು ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲೆ, 1949ರಲ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳು ಅಲ್ಲೇ ಉಳಿದರೂ ಕಣ್ಣು ಕೆರಳುವುದಿಲ್ಲ ಅಂತ ಅವರು ಗಮನಿಸಿದ್ದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸು ಮಾಡಿಸಿದರು. ನಮ್ಮ ಹಳ್ಳಿ ಊರುಗಳಿಗೆ ಅದು ಬಂದು ಮುಟ್ಟುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಆಪರೇಷನ್ನಿಗೆ ಮುಂಚೆ ಕಣ್ಣಿನ ಅಳತೆ ತೆಗೆಯುತ್ತಾರೆ. ನನಗೆ ಅದು ಬಹಳ ಹಿಡಿಸಿತು. ಗಲ್ಲ ಇಟ್ಟು ಒಂದು ಬೆಳಕಿನ ಚುಕ್ಕೆ ನೋಡಿದರೆ ಸಾಕು. ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಎಷ್ಟು ಉದ್ದ, ಮುಂದಿನ ಪರದೆ ಎಷ್ಟು ಬಾಗಿದೆ, ಎಲ್ಲ ಬರುತ್ತದೆ. ನನ್ನದು 23 ಮಿಲಿಮೀಟರಿನ ಮೇಲೆ ಸ್ವಲ್ಪ. ಆ ಅಳತೆಯಿಂದ ಯಾವ ನಂಬರಿನ ಲೆನ್ಸು ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಡಾಕ್ಟರು ಕೇಳಿದರು, ಒಂದೇ ದೂರಕ್ಕೆ ಹೊಂದುವ ಲೆನ್ಸು ಹಾಕಿದರೆ ದೂರಕ್ಕೆ ಇಡಲಾ, ಹತ್ತಿರಕ್ಕೆ ಇಡಲಾ? ಹೆಚ್ಚಿನವರು ದೂರ ಕೇಳುತ್ತಾರೆ, ಓದಲು ಕನ್ನಡಕ ಹಾಕಿಕೊಳ್ಳುತ್ತಾರೆ. ಎರಡಕ್ಕೂ ಆಗುವ ದುಬಾರಿ ಲೆನ್ಸೂ ಇದೆ, ಆದರೆ ಅದರಲ್ಲಿ ಬೆಳಕು ಹಂಚಿಹೋಗುತ್ತದೆ, ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ ಅಂದರು. ನಾನು ಮನೆಗೆ ಬಂದು ಯೋಚಿಸಿದೆ. ದಿನದ ಎಂಟು ಗಂಟೆ ನಾನು ನೋಡುವುದು ಮೊಳದಷ್ಟು ದೂರವನ್ನು. ರಸ್ತೆ ನೋಡುವುದು ಬಂದುಹೋಗುವಷ್ಟು ಹೊತ್ತು. ಹತ್ತಿರಕ್ಕೇ ಇಡಿ ಅಂದೆ. ಮಷಿನ್ನಿನ ಸೂಜಿಯಿಂದ ಕಣ್ಣಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿದ್ದೆ. ಅವರು ಆ ಚೀಟಿಯನ್ನು ನನ್ನ ಫೈಲಿನಲ್ಲೇ ಇಟ್ಟುಕೊಂಡರು.

ಆಪರೇಷನ್ನು ಹೆದರಿದಷ್ಟು ಇರಲಿಲ್ಲ. ಬಿಪಿ, ಸಕ್ಕರೆ ನೋಡಿದರು, ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿದರು. ಮೂರು ಮಿಲಿಮೀಟರಿಗಿಂತ ಸಣ್ಣ ಸೀಳು ಮಾಡಿ, ಶಬ್ದದ ಅಲೆಯಿಂದ ಹಳೆಯ ಲೆನ್ಸನ್ನು ಪುಡಿ ಮಾಡಿ ಎಳೆದು, ಮಡಚಿದ ಹೊಸ ಲೆನ್ಸನ್ನು ಅದೇ ಸೀಳಿನಲ್ಲಿ ಒಳಗೆ ಬಿಡುತ್ತಾರೆ. ಅದು ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಇಲ್ಲ. ನನಗೆ ಕಂಡದ್ದು ಬೆಳಕು, ನೀರಿನೊಳಗೆ ಬಣ್ಣಗಳು ಕದಡುವುದು, ಆಮೇಲೆ ಒಂದು ಒತ್ತುವಿಕೆ. ಅಷ್ಟೇ. ಕಣ್ಣು ಉಜ್ಜಬಾರದು, ನೀರು ತಾಗಿಸಬಾರದು, ಭಾರ ಎತ್ತಬಾರದು ಅಂತ ಪಟ್ಟಿ ಕೊಟ್ಟರು. ವಾರಗಟ್ಟಲೆ ಹನಿ ಹಾಕಿಕೊಳ್ಳುವುದೇ ದೊಡ್ಡ ಕೆಲಸ.

ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳೇ ಲೈನಿಂಗ್ ಬಟ್ಟೆಯ ಗಂಟು ತೆಗೆದೆ. ಬಿಳಿ ರೂಬಿಯಾ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಹಳೇ ಕಾಗದದ ಬಣ್ಣ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೆ ಬಿಳಿ, ನೀಲ ಹಾಕಿ ಒಗೆದ ಬಿಳಿ. ಮತ್ತೆ ಮತ್ತೆ ಮುಚ್ಚಿ ತೆಗೆದೆ. ಅಷ್ಟು ವರ್ಷ ಯಾವ ಬಿಳಿಯನ್ನು ಬಿಳಿ ಅಂದುಕೊಂಡು ಹೊಲಿದಿದ್ದೆನೋ ಅದು ಬಿಳಿಯಾಗಿರಲಿಲ್ಲ. ಡಬ್ಬಿಯಿಂದ ಆ ಎರಡು ರೀಲು ತೆಗೆದೆ. ನೀಲಿ ನೀಲಿಯಾಗಿತ್ತು, ಅದೂ ಬಲ್ಬಿನ ಬೆಳಕಿನಲ್ಲಿ. ನಾನು ಅತ್ತುಬಿಟ್ಟೆ. ಕಣ್ಣೀರು ಬಂದರೆ ತೊಂದರೆಯೇನೋ ಅಂತ ಮನೆಯವರು ಗಾಬರಿಯಾದರು.

ಇದು ಎಷ್ಟು ನಿಧಾನವಾಗಿ ಆಗಿತ್ತು ಅಂದರೆ, ಒಂದು ಕಣ್ಣನ್ನು ಸರಿ ಮಾಡಿಸಿ ಪಕ್ಕದಲ್ಲಿಟ್ಟು ನೋಡಿದಾಗಲಷ್ಟೇ ಇನ್ನೊಂದರ ಸ್ಥಿತಿ ತಿಳಿಯಿತು. ನಾವು ನಮ್ಮನ್ನು ನಿನ್ನೆಯ ಜೊತೆ ಹೋಲಿಸುತ್ತೇವೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಇರುವುದೇ ಇಲ್ಲ. ಹತ್ತು ವರ್ಷದ ಹಿಂದಿನ ಅಂಕಿ ಎಲ್ಲಾದರೂ ಬರೆದಿಟ್ಟಿದ್ದರೆ ಗೊತ್ತಾಗುತ್ತದೆ. ಹುಟ್ಟಿದ ಹಬ್ಬಕ್ಕೆ ಮೊಮ್ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕುತ್ತೇವೆ. ಈಗ ನನ್ನ ಎತ್ತರವನ್ನೂ ಅದೇ ಗೋಡೆಯ ಮೇಲೆ ಮಗಳು ಗುರುತು ಹಾಕುತ್ತಾಳೆ. ಅಳತೆ ಪುಸ್ತಕದಲ್ಲಿ ನನ್ನದೂ ಒಂದು ಪುಟ ಆಗಿದೆ.

ಸದ್ಯ ಎರಡು ಕಣ್ಣಿಗೂ ಹೊಂದಾಣಿಕೆ ಇಲ್ಲ. ಬಲಗಣ್ಣು ಹತ್ತಿರದ್ದನ್ನು ಚೊಕ್ಕವಾಗಿ ನೋಡುತ್ತದೆ, ಎಡಗಣ್ಣು ಮಸುಕು. ಸೂಜಿಗೆ ನೂಲು ಹಾಕುವಾಗ ಆಳ ತಿಳಿಯುವುದಿಲ್ಲ, ನೂಲು ಕಣ್ಣಿನ ಆಚೆಗೋ ಈಚೆಗೋ ಹೋಗುತ್ತದೆ. ಎರಡೂ ಕಣ್ಣು ಕೂಡಿದರೆ ಮಾತ್ರ ಆ ಅಂದಾಜು ಬರುವುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಕೈಕೆಲಸವನ್ನು ಹೊಲಿಗೆ ಕಲಿಯಲು ಬರುವ ಹುಡುಗಿಗೆ ಕೊಟ್ಟಿದ್ದೇನೆ. ಅವಳಿಗೆ ಇಪ್ಪತ್ತೊಂದು, ಮಬ್ಬು ಬೆಳಕಲ್ಲೂ ಒಂದೇ ಸಲಕ್ಕೆ ನೂಲು ಹಾಕುತ್ತಾಳೆ. ಭುಜದ ಇಳಿಜಾರು ಮಾತ್ರ ಅವಳಿಗೆ ಇನ್ನೂ ಕಾಣುವುದಿಲ್ಲ, ಅದನ್ನು ಕಲಿಸುತ್ತಿದ್ದೇನೆ. ಎಡಗಣ್ಣಿನ ಆಪರೇಷನ್ನು ದೀಪಾವಳಿಯ ಕೆಲಸ ಮುಗಿದ ಮೇಲೆ ಅಂತ ಗೊತ್ತು ಮಾಡಿದ್ದೇವೆ. ಅಷ್ಟರಲ್ಲಿ ಬರುವವರಿಗೆಲ್ಲ ಹೇಳುತ್ತಿದ್ದೇನೆ, ಹಳೇ ಬ್ಲೌಸು ತರಬೇಡಿ, ನೀವೇ ಬನ್ನಿ, ಹೊಸದಾಗಿ ಅಳತೆ ತೆಗೆದುಕೊಳ್ಳುತ್ತೇನೆ.